ಗೋಸುಂಬೆಯ ಮಡಿಲು

ನ್ಯಾಂದರುವಾ ಬೆಟ್ಟಸಾಲಿನ ಚಳಿಯ ಮುಂದೆ ಹಿಮಾಲಯದ ಚಳಿ ಎಂದರೆ ಬೀಸಣಿಗೆಯ ಗಾಳಿ. ಕೀನ್ಯಾ ದೇಶದಲ್ಲಿ, ಭೂಮಧ್ಯರೇಖೆಯ ಮಗ್ಗುಲಲ್ಲೇ, ಸೂರ್ಯ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುವ ಜಾಗದಲ್ಲಿ ಇಂಥ ಚಳಿಯೇ ಎಂದು ಯಾರಾದರೂ ಕೇಳಬಹುದು. ಕೇಳುವವರು ಕಿರಿಮಾ ಎಂಬ ಹಳ್ಳಿಗೆ ಒಮ್ಮೆ ಬಂದು ನೋಡಬೇಕು. ಅಲ್ಲಿ ಬೆಳಗಿನ ಜಾವ ಕೋಳಿ ಕೂಗಿದರೆ ಆ ಕೂಗು ಗಾಳಿಯಲ್ಲೇ ಹೆಪ್ಪುಗಟ್ಟಿ ನಿಂತು, ಬಿಸಿಲೇರಿದ ಮೇಲೆ ಕರಗಿ ಕೇಳಿಸುತ್ತಿತ್ತು. ಆಲೂಗಡ್ಡೆಯ ಹೊಲದಲ್ಲಿ ಬಿದ್ದ ಇಬ್ಬನಿಯನ್ನು ಹೆಂಗಸರು ಗುದ್ದಲಿಯಿಂದ ಒಡೆದು ದಾರಿ ಮಾಡಿಕೊಳ್ಳುತ್ತಿದ್ದರು.

ಇಂಥ ಕಡೆ ಒಂದು ಗೋಸುಂಬೆ ಬದುಕುತ್ತದೆ. ಅಂಗೈಯಗಲದ ಪ್ರಾಣಿ. ತಲೆಯ ಮೇಲೆ ಪೇಟದಂತೆ ಎದ್ದ ಮೂಳೆ, ಗದ್ದದ ಕೆಳಗೆ ಮುಳ್ಳಿನ ಗಡ್ಡ, ಹಳೆಯ ಕಾಲದ ಶ್ಯಾನುಭೋಗನ ಗತ್ತು. ಬೇರೆ ಗೋಸುಂಬೆಗಳ ಹಾಗೆ ಇದು ಮಣ್ಣಿನಲ್ಲಿ ಮೊಟ್ಟೆ ಇಡುವುದಿಲ್ಲ. ಆ ಮಣ್ಣಿನಲ್ಲಿ ಮೊಟ್ಟೆ ಇಟ್ಟರೆ ಕಲ್ಲಾಗುತ್ತದೆ ಎಂಬುದು ಅದಕ್ಕೆ ಗೊತ್ತು. ತಿಂಗಳುಗಟ್ಟಲೆ ಮರಿಗಳನ್ನು ಹೊಟ್ಟೆಯಲ್ಲೇ ಹೊತ್ತು ತಿರುಗುತ್ತದೆ. ಬೆಳಿಗ್ಗೆ ಮೊದಲ ಬಿಸಿಲು ಬಿದ್ದ ಕೂಡಲೇ ಪಕ್ಕೆಯನ್ನು ಸೂರ್ಯನಿಗೊಡ್ಡಿ ಇದ್ದಿಲಿನಷ್ಟು ಕಪ್ಪಾಗುತ್ತದೆ. ಬಿಸಿಲನ್ನು ಗಟಗಟ ಕುಡಿಯುತ್ತದೆ. ಹೊಟ್ಟೆಯ ಮರಿಗಳಿಗೆ ಸಾಕಾಯಿತು ಎನ್ನಿಸಿದಾಗ ಹಸಿರಾಗುತ್ತದೆ. ಹೆಚ್ಚಾಯಿತು ಎನ್ನಿಸಿದಾಗ ಬಾಳೆಸುಳಿಯಂತೆ ಬಿಳಿಚಿಕೊಂಡು ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ಆ ಚರ್ಮವನ್ನು ಗೋಸುಂಬೆಯ ಮೈಯಿಂದಾಚೆ ಬೆಳೆಸಿದರೆ? ಬೆಳೆಸಿ, ಚೀಲ ಮಾಡಿ, ಅದರೊಳಗೆ ದಿನ ತುಂಬದೆ ಹುಟ್ಟಿದ ಮನುಷ್ಯನ ಕೂಸನ್ನು ಇಟ್ಟರೆ?

ಈ ಪ್ರಶ್ನೆ ಹುಟ್ಟಿದ್ದು ಗಜೇಂದ್ರಗಡದ ನೀಲಗಂಗಾಳ ತಲೆಯಲ್ಲಿ. ಗಜೇಂದ್ರಗಡದವರ ತಲೆಯಲ್ಲಿ ಪ್ರಶ್ನೆ ಹುಟ್ಟಿದರೆ ಅದು ಉತ್ತರ ತಿಂದೇ ತೀರುವ ಜಾತಿಯದು. ಗಂಡ ಮಹಾಂತೇಶನಿಗೆ ಬೆಟ್ಟದ ಕೆಳಗಿನ ಬಯಲಿನಲ್ಲಿ ಕೊಳವೆಬಾವಿ ಕೊರೆಸುವ ಕೆಲಸ. ಅವಳಿಗೆ ಕಿರಿಮಾದ ಪುಟ್ಟ ಆಸ್ಪತ್ರೆಯ ಹಿಂದೆ ಒಂದು ಪ್ರಯೋಗಶಾಲೆ. ವಿದ್ಯುತ್ ತಂತಿ ಆ ಹಳ್ಳಿಗೆ ಬಂದಿತ್ತು, ವಿದ್ಯುತ್ ಮಾತ್ರ ಹಬ್ಬಕ್ಕೊಮ್ಮೆ ಬರುತ್ತಿತ್ತು. ಇನ್‌ಕ್ಯುಬೇಟರ್ ಎಂಬ ಗಾಜಿನ ಪೆಟ್ಟಿಗೆಯಲ್ಲಿ ಆಸ್ಪತ್ರೆಯವರು ಈರುಳ್ಳಿ ಇಟ್ಟಿದ್ದರು.

ನೀಲಗಂಗಾ ಒಂದು ಬಸುರಿ ಗೋಸುಂಬೆಯ ಬೆನ್ನಿನಿಂದ ಎಳ್ಳುಕಾಳಿನಷ್ಟು ಚರ್ಮ ತೆಗೆದು, ಪ್ರಾಣಿಯನ್ನು ಮರಕ್ಕೆ ಹಿಂದಿರುಗಿಸಿ, ಆ ಎಳ್ಳುಕಾಳನ್ನು ಗಂಜಿಯಂಥ ಪೋಷಕ ರಸದ ತಟ್ಟೆಯಲ್ಲಿ ಬೆಳೆಸತೊಡಗಿದಳು. ಗೋಸುಂಬೆ ನಡೆಯುವುದೇ ನಿಧಾನ; ಅದರ ಚರ್ಮ ಬೆಳೆಯುವುದು ಅದಕ್ಕಿಂತ ನಿಧಾನ. ಹತ್ತಾರು ತಟ್ಟೆಗಳು ಕೊಳೆತವು. ಮೂರು ವರ್ಷಕ್ಕೆ ಒಂದೇ ಒಂದು ತಟ್ಟೆ ಚೀಲದಷ್ಟಾಯಿತು. ಮೊದಲ ಎಳ್ಳುಕಾಳು ಆ ಚೀಲದ ನಡುವೆ ಗುಂಡಗೆ ಉಬ್ಬಿ ನಿಂತಿತ್ತು. ಅದಕ್ಕೆ ಅವಳು ಬೀಜ ಎಂದು ಕರೆದಳು. ಬಿಸಿ ತಂಪು ತಿಳಿಯುತ್ತಿದ್ದದ್ದು ಬೀಜಕ್ಕೆ. ಬೀಜ ಚಳಿ ಎಂದರೆ ಚರ್ಮದಡಿಯ ಮಸಿ ಉಕ್ಕಿ ಚೀಲ ಕಪ್ಪಾಗುತ್ತಿತ್ತು. ಬೀಜ ಬಿಸಿ ಎಂದರೆ ಮಸಿ ತಳಕ್ಕಿಳಿದು, ಚರ್ಮದೊಳಗಿನ ಕಣ್ಣಿಗೆ ಕಾಣದ ಹರಳುಗಳು ಸಾಲಾಗಿ ನಿಂತು ಬಿಸಿಲನ್ನು ಕನ್ನಡಿಯ ಹಾಗೆ ವಾಪಸು ಎಸೆಯುತ್ತಿದ್ದವು. ಹಗಲು ಕುಡಿದ ಬಿಸಿಯನ್ನು ಚೀಲ ತನ್ನ ರಸದಲ್ಲಿ ಕೂಡಿಟ್ಟುಕೊಂಡು ರಾತ್ರಿಯೆಲ್ಲಾ ಒಳಗಿನ ಜೀವಕ್ಕೆ ಉಣಿಸುತ್ತಿತ್ತು. ಮೊಲದ ಮರಿಗಳ ಮೇಲೆ ಪರೀಕ್ಷೆಯಾಗಿತ್ತು. ಮರಿಗಳು ಹೊರಬರಲು ಒಪ್ಪದೆ ಜಗಳವಾಡಿದ್ದವು.

ಆ ಚೀಲಕ್ಕೆ ನೀಲಗಂಗಾ ಇಟ್ಟ ಹೆಸರು ಮಡಿಲು.

*

ಅತ್ತೆ ಶಿವಲೀಲವ್ವ ಕೀನ್ಯಾಕ್ಕೆ ಬಂದಿಳಿದದ್ದು ಮೂರು ಪೆಟ್ಟಿಗೆಗಳೊಂದಿಗೆ. ಅವುಗಳ ಭಾರಕ್ಕೆ ವಿಮಾನ ಎರಡು ಸಲ ಓಡಿ, ಮೂರನೆಯ ಸಲ ದೇವರ ಹೆಸರು ಹೇಳಿ ಮೇಲೆದ್ದಿತ್ತಂತೆ. ಒಂದರಲ್ಲಿ ಜೋಳದ ಹಿಟ್ಟು, ಒಂದರಲ್ಲಿ ಚಟ್ನಿಪುಡಿಗಳು, ಮತ್ತೊಂದರಲ್ಲಿ ಹುಟ್ಟದೇ ಇದ್ದ ಮೊಮ್ಮಗುವಿನ ಕುಲಾವಿ, ಅಂಗಿ, ಕಾಡಿಗೆಯ ಭರಣಿ.

"ಲಗ್ನಾಗಿ ಆರು ವರ್ಷಾತು," ಅವರು ಬಂದ ದಿನವೇ ರೊಟ್ಟಿ ಬಡಿಯುತ್ತಾ ಹೇಳಿದರು. "ಎಲ್ಲಾರೂ ಕೂಸು ಹಡದ್ರ, ನಮ್ಮ ನೀಲವ್ವ ಚರ್ಮ ಹಡಿಯಾಕತ್ತಾಳ."

"ಅತ್ತೀ, ಆ ಚರ್ಮದಾಗ ಎಷ್ಟೋ ಮಂದಿ ಕೂಸು ಉಳೀತಾವ್ರಿ."

"ಮಂದಿ ಕೂಸು ಉಳೀಲಿ, ಯಾರು ಬ್ಯಾಡ ಅಂದ್ರು? ನಮ್ದೊಂದು ಹುಟ್ಲಿ ಮೊದ್ಲ." ರೊಟ್ಟಿ ತಿರುವಿ ಹಾಕಿದರು. "ಅದೂ ಗೋಸುಂಬಿ! ಜಗತ್ತಿನಾಗ ಬ್ಯಾರೆ ಪ್ರಾಣಿ ಸಿಗಲಿಲ್ಲೇನ ನಿನಗ? ನಮ್ಮ ಮಹಾಂತೇಶನರ ಏನ್ ಅಂತಾನ?"

"ಅವರು ನೆಲಕ್ಕ ತೂತು ಕೊರಿಯಾಕ ಹೋಗ್ಯಾರ್ರಿ. ತಿಂಗಳಾತು."

"ಚಲೋ ಜೋಡಿ," ಎಂದರು ಶಿವಲೀಲವ್ವ. ಅವರ ಬಾಯಿ ಎಷ್ಟು ಜೋರೋ ಕೈ ಅಷ್ಟೇ ಮೃದು. ಸೊಸೆಯ ತಟ್ಟೆಗೆ ಬೆಣ್ಣೆ ಬಿದ್ದೇ ಬಿತ್ತು.

ಅದರ ಮರುವಾರ ಕೂಸು ಬಂತು.

ಬೆಳಗಿನ ಎಳೆ ಬಿಸಿಲಿನಲ್ಲಿ ಮುದುಕಿಯೊಬ್ಬಳು ಕಂಬಳಿಯ ಗಂಟನ್ನು ಎದೆಗವಚಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಗಂಟಿನಲ್ಲಿದ್ದದ್ದು ಅವಳ ಮೊಮ್ಮಗು. ಕೂಸಿನ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ಅವಳನ್ನೂ ಅವಳ ಗಂಡನನ್ನೂ ದೊಡ್ಡ ಊರಿನ ಆಸ್ಪತ್ರೆಗೆ ಸಾಗಿಸಿದ್ದರು. ಅವರನ್ನು ಒಯ್ದ ಗಾಡಿಯಲ್ಲಿ ಕೂಸಿಗೆ ಬಿಸಿಯ ಪೆಟ್ಟಿಗೆ ಇರಲಿಲ್ಲ. ದಾರಿಯ ಚಳಿಗೆ ಉಳಿಯುವುದಿಲ್ಲವೆಂದು ಬಿಟ್ಟು ಹೋಗಿದ್ದರು. ಮುದುಕಿಯನ್ನು ಊರೆಲ್ಲಾ ಶೋಶೊ ಎಂದು ಕರೆಯುತ್ತಿತ್ತು, ಅಲ್ಲಿಯ ಭಾಷೆಯಲ್ಲಿ ಅಜ್ಜಿ ಎಂದರ್ಥ. ಡಾಕ್ಟರ್ ನ್ಯಾಗುಥಿ, ಆ ಆಸ್ಪತ್ರೆಗೆ ಇದ್ದೊಬ್ಬ ವೈದ್ಯೆ, ಕಂಬಳಿ ಬಿಡಿಸಿ ನೋಡಿದಳು. ಎಳೆಯ ಬದನೆಕಾಯಿಯಷ್ಟು ಹೆಣ್ಣು ಕೂಸು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

"ನೀಲಾ," ಎಂದಳು ನ್ಯಾಗುಥಿ, "ಮೊಲದ ಮರಿಗಳ ಕಾಲ ಮುಗಿಯಿತು."

ಮಡಿಲನ್ನು ತಂದಾಗ ಶೋಶೊ ಗೋಡೆಗೆ ಒರಗಿದಳು. ಅವಳ ಕಡೆಯ ಹಿರಿಯರು ಆ ಪ್ರಾಣಿಯನ್ನು ಕಂಡರೆ ದಾರಿ ಬದಲಿಸುತ್ತಿದ್ದರು, ಅದರ ಹೆಸರನ್ನು ಮನೆಯೊಳಗೆ ಆಡುತ್ತಿರಲಿಲ್ಲ. "ಅದರ ತೊಗಲಲ್ಲೇ?" ಎಂದಳು. "ಮುಹಿಂದಿ ಮಗಳೇ, ನಿಮ್ಮ ಇಂಡಿಯಾದಲ್ಲಿ ಬಟ್ಟೆ ಇಲ್ಲವೇ? ಅದು ಕಣ್ಣು ಹಾಕಿದರೆ ಹುಟ್ಟಿದ್ದು ಬಾಡುತ್ತದೆ." ಮುಹಿಂದಿ ಎಂದರೆ ಅಲ್ಲಿಯ ಮಾತಿನಲ್ಲಿ ಇಂಡಿಯಾದವಳು.

"ಅದಕ್ಕೆ ಕಣ್ಣಿಲ್ಲ ಶೋಶೊ. ಬರೀ ಚರ್ಮ."

"ಕಣ್ಣಿಲ್ಲದ್ದು ಇನ್ನೂ ಕೆಟ್ಟದ್ದು. ಯಾವ ಕಡೆ ನೋಡುತ್ತಿದೆ ಅಂತಲೇ ಗೊತ್ತಾಗುವುದಿಲ್ಲ."

ಆದರೆ ಕೂಸಿನ ತುಟಿ ನೀಲಿಯಾಗುತ್ತಿತ್ತು. ಶೋಶೊ ಮುಖ ತಿರುಗಿಸಿ ಗೋಡೆ ನೋಡುತ್ತಾ ಕೂಸನ್ನು ಕೊಟ್ಟಳು.

ಮಡಿಲು ಕೂಸಿನ ಸುತ್ತ ಮುಚ್ಚಿಕೊಂಡಿತು. ತಲೆಯೊಂದು ಹೊರಗೆ. ಜೀವಂತ ಚರ್ಮವಾದ್ದರಿಂದ ಅದು ಕೂಸಿನ ಒದ್ದೆ ಮೈಗೆ ಅಂಟಿಕೊಂಡಿತು. ಬಿಡಿಸಬೇಕೆಂದರೆ ಉಪ್ಪುನೀರು ಬಿಡುತ್ತಾ ಅರ್ಧ ದಿನ ಕೂರಬೇಕು, ಅವಸರಪಟ್ಟರೆ ಕೂಸಿನ ಚರ್ಮವೂ ಕಿತ್ತು ಬರುತ್ತದೆ. ಗಾಜಿನ ಚಾವಣಿಯ ಕೋಣೆಯಲ್ಲಿ ಬಿಸಿಲು ಬಿತ್ತು. ಮಡಿಲು ಕಪ್ಪಾಯಿತು, ಕಾದಿತು, ಮಧ್ಯಾಹ್ನದ ಹೊತ್ತಿಗೆ ಹಸಿರಾಯಿತು. ಕೂಸು ಮೊದಲ ಬಾರಿ ಅತ್ತಿತು. ಆ ಅಳುವಿಗೆ ಹಳ್ಳಿಯ ಕುರಿಗಳೆಲ್ಲಾ ಮೇಯುವುದು ಬಿಟ್ಟು ತಲೆ ಎತ್ತಿದವು.

"ಮುಟ್ಟಬೇಡಿ, ತೆರೆಯಬೇಡಿ," ಎಂದು ನೀಲಗಂಗಾ ಎಲ್ಲರಿಗೂ ಹೇಳಿದಳು. "ತೆರೆದರೆ ಬಿಸಿ ಹೋಗುತ್ತದೆ. ಥರ್ಮಾಮೀಟರೂ ಬೇಡ. ಬಣ್ಣ ನೋಡಿ, ಸಾಕು. ಹಸಿರಿದ್ದರೆ ಕೂಸು ಸುಖವಾಗಿದೆ."

*

ಮೂರು ದಿನ ಬಣ್ಣ ಹೇಳಿದ ಹಾಗೆ ಕೂಸು ಕೇಳಿತು. ನಾಲ್ಕನೆಯ ಬೆಳಿಗ್ಗೆ ಶಿವಲೀಲವ್ವ ಆಸ್ಪತ್ರೆಗೆ ಬಂದರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬರದು, ಇನ್ನೊಬ್ಬಳಿಗೆ ಕನ್ನಡ ಎಂಬುದೊಂದು ಇದೆಯೆಂದೇ ತಿಳಿಯದು. ಆದರೂ ಇಬ್ಬರು ಅಜ್ಜಿಯರು ಗಾಜಿನ ಕೋಣೆಯಲ್ಲಿ ಕೂತು ಒಂದು ತಾಸು ಮಾತಾಡಿದರು, ನಡುವೆ ಒಮ್ಮೆ ಜಗಳವಾಡಿ ರಾಜಿಯೂ ಆದರು.

ಶಿವಲೀಲವ್ವ ಪ್ರಯೋಗಶಾಲೆಗೆ ಚಹಾ ಹಿಡಿದು ಬಂದಾಗ ಮುಖದಲ್ಲಿ ಗೆಲುವಿತ್ತು.

"ಪಾಪ, ಆ ಮುದಕಿ ಅಂಜಿ ಸಾಯಾಕತ್ತಾಳ. ಚೀಲ ತೋರ್ಸೋದು, ಕಣ್ಣು ಮುಚ್ಚೋದು. ನನಗ ತಿಳೀತು ನೋಡು. ದೃಷ್ಟಿ! ಭಾಷಿ ಬ್ಯಾರೆ ಇದ್ರೇನು, ದೃಷ್ಟಿ ಎಲ್ಲಾ ಕಡೆ ಒಂದ."

"ಹೌದ್ರಿ," ಎಂದಳು ನೀಲಗಂಗಾ, ಯಂತ್ರದ ಪರದೆಯಿಂದ ಕಣ್ಣು ತೆಗೆಯದೆ.

"ಅದಕ್ಕ ಒಂದು ಬೊಟ್ಟು ಇಟ್ಟು ಬಂದೆ. ಕೂಸಿಗಲ್ಲ, ಚೀಲಕ್ಕ. ನಡುವ ಒಂದು ಗುಳ್ಳಿ ಐತಲ್ಲ, ಹಣಿ ಇದ್ದಂಗ, ಅಲ್ಲೇ ಇಟ್ಟೆ. ನನ್ನ ಕೈಯಾರ ಮಾಡಿದ ಕಾಡಿಗಿ. ಹರಳೆಣ್ಣಿ ಬತ್ತಿ, ಆಕಳ ತುಪ್ಪ, ಮ್ಯಾಲ ಪಚ್ಚಕರ್ಪೂರ. ಅಂಗಡ್ಯಾಗ ಸಿಗೂದಲ್ಲ. ಮುದಕಿ ಎಷ್ಟು ಖುಷಿಯಾದ್ಲು ಅಂತೀ, ನನ್ನ ಕೈ ಹಿಡಕೊಂಡು ಬಿಟ್ಲು."

ನೀಲಗಂಗಾಳಿಗೆ ನಗು ಬಂತು. ಮುಟ್ಟಬೇಡಿ ಎಂದದ್ದು ಅತ್ತೆಗೆ ತಾಗುವುದಿಲ್ಲ. ಅತ್ತೆ ನಿಯಮಗಳ ಆಚೆಯವರು. ಒಂದು ಬೊಟ್ಟಿನಿಂದ ಏನಾದೀತು? ಶೋಶೊಗೆ ಸಮಾಧಾನವಾಯಿತಲ್ಲ. "ಚಲೋ ಮಾಡಿದ್ರಿ ಬಿಡ್ರಿ," ಎಂದು ಚಹಾ ಕುಡಿದಳು.

ಅವಳು ಕೂತಿದ್ದದ್ದು ರಾಕೆಟ್ ಹಾರಿಸುವ ಕೇಂದ್ರಗಳೂ ನಾಚಬೇಕಾದ ನಿಯಂತ್ರಣ ಕೊಠಡಿಯಲ್ಲಿ: ತಗಡಿನ ಚಾವಣಿ, ಒಂದು ಲಾರಿಯ ಬ್ಯಾಟರಿ, ಒಂದು ಪರದೆ, ಆ ಪರದೆಯ ಮೇಲೆ ಒಂದೇ ಗೆರೆ. ಬೀಜಕ್ಕೆ ಚುಚ್ಚಿದ ಕೂದಲೆಳೆಯ ತಂತಿಯೊಂದು ಬೀಜದ ಮಾತನ್ನು ಇಲ್ಲಿಗೆ ತರುತ್ತಿತ್ತು. ಗೆರೆ ಇಳಿದರೆ ಬೀಜಕ್ಕೆ ಚಳಿ, ಏರಿದರೆ ಬಿಸಿ. ಗೆರೆ ಈಗ ಮೇಲಿತ್ತು. ಹೊರಗೆ ಒಳ್ಳೆಯ ಬಿಸಿಲು. ಸರಿಯಾಗಿಯೇ ಇದೆ.

ಆಮೇಲೆ ಕಣಿವೆಯಿಂದ ಮಂಜು ಎದ್ದಿತು. ಕಿರಿಮಾದ ಮಂಜು ಬೇರೆ ಊರಿನ ಮಂಜಿನ ಹಾಗೆ ತೇಲಿ ಬರುವುದಿಲ್ಲ. ಬಾಗಿಲು ತಟ್ಟಿ, ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂರುತ್ತದೆ. ನೋಡನೋಡುತ್ತಿದ್ದಂತೆ ಕಿಟಕಿಯಾಚೆಯ ಮರ ಹೋಯಿತು, ಬೇಲಿ ಹೋಯಿತು, ಸೂರ್ಯನೂ ಹೋದ. ನೀಲಗಂಗಾ ಉಣ್ಣೆಯ ಶಾಲನ್ನು ಬಿಗಿಮಾಡಿಕೊಂಡು ಪರದೆ ನೋಡಿದಳು.

ಗೆರೆ ಮೇಲೆಯೇ ಇತ್ತು.

ತಂತಿ ಸಡಿಲವಾಗಿದೆ ಎಂದುಕೊಂಡಳು. ಬ್ಯಾಟರಿಯ ತುದಿಗಳನ್ನು ಉಜ್ಜಿದಳು. ಪರದೆ ಆರಿಸಿ ಹಚ್ಚಿದಳು. ಗೆರೆ ಇನ್ನೂ ಒಂದು ಬೆರಳು ಮೇಲೇರಿತು. ಈ ಚಳಿಯಲ್ಲಿ ಬೀಜ ಬೇಗೆ ಬೇಗೆ ಎಂದು ಕೂಗುತ್ತಿತ್ತು. ಅವಳು ಮತ್ತೆ ತಂತಿಗಳನ್ನು ಬಿಚ್ಚಿ ಕಟ್ಟಿದಳು. ಯಂತ್ರ ಸುಳ್ಳು ಹೇಳಬಹುದು, ಮಡಿಲು ಹೇಳಲಾರದು ಎಂಬ ನಂಬಿಕೆಯಲ್ಲಿ ಒಳ್ಳೆಯ ಹೊತ್ತೆಲ್ಲಾ ಹೋಯಿತು. ಕೊನೆಗೆ ಬಾಗಿಲಿಗೆ ಬಂದು ಕೂಗಿದಳು:

"ನ್ಯಾಗುಥಿ! ಬಣ್ಣ ಹೇಗಿದೆ?"

ಮಂಜಿನೊಳಗಿಂದ ನ್ಯಾಗುಥಿಯ ನಿಶ್ಚಿಂತ ದನಿ: "ಎಳೆ ಹಸಿರು! ಚೆನ್ನಾಗಿದೆ, ಮಲಗಿದ್ದಾಳೆ!"

ಮಂಜಿನಲ್ಲಿ ಮಡಿಲು ಇದ್ದಿಲಾಗಿರಬೇಕಿತ್ತು. ಎಳೆ ಹಸಿರೆಂದರೆ ಅದು ಬಿಸಿಯನ್ನು ಹೊರಗೆ ಚೆಲ್ಲುತ್ತಿದೆ. ಚೆಲ್ಲುತ್ತಿರುವುದು ಸೂರ್ಯನ ಬಿಸಿಯನ್ನಲ್ಲ, ಸೂರ್ಯ ಎಲ್ಲಿದ್ದಾನೆ? ಕೂಸಿನ ಮೈಯಲ್ಲಿದ್ದ ಬಿಸಿಯನ್ನು.

ನೀಲಗಂಗಾ ಓಡಿದ ಓಟಕ್ಕೆ ಮಂಜು ಎರಡು ಸೀಳಾಯಿತು.

*

ಗಾಜಿನ ಕೋಣೆಯ ಬಾಗಿಲು ತೆರೆದಾಗ ಮಠದ ಗರ್ಭಗುಡಿ ತೆರೆದ ಹಾಗೆ ಕರ್ಪೂರದ ವಾಸನೆ ಬಂತು. ಮಡಿಲು ತೊಟ್ಟಿಲಲ್ಲಿ ಬಾಳೆಸುಳಿಯಂತೆ ಸುಂದರವಾಗಿ, ತಣ್ಣಗೆ ಮಲಗಿತ್ತು. ನಡುವೆ ಬೀಜದ ಮೇಲೆ ದುಂಡನೆಯ ಕಪ್ಪು ಬೊಟ್ಟು.

ಕರ್ಪೂರ! ಬಿಸಿಯನ್ನು ಅರಿಯುವ ಜೀವಕೋಶಗಳಿಗೆ ಕರ್ಪೂರ ಮುಟ್ಟಿದರೆ ಅವು ಬೆಂಕಿ ಮುಟ್ಟಿದವೆಂದು ಮೋಸ ಹೋಗುತ್ತವೆ. ಹಿಂದೆ ಕಾಲೇಜಿನಲ್ಲಿ ಎರಡನೆಯ ವರ್ಷದ ಹುಡುಗರಿಗೆ ಅವಳೇ ಪಾಠ ಮಾಡಿದ ಸಂಗತಿ. ತುಪ್ಪ ಅದನ್ನು ಬೀಜದ ಆಳಕ್ಕೆ ಇಳಿಸಿತ್ತು.

"ಥರ್ಮಾಮೀಟರ್!"

"ನೀನೇ ಬೇಡ ಅಂದಿದ್ದೆ..."

"ಕೊಡು!"

ಕುತ್ತಿಗೆಯ ಸಂದಿನಿಂದ ಕಂಕುಳಿಗೆ ಥರ್ಮಾಮೀಟರ್ ಇಳಿಸಿದರು. ಪಾದರಸ ಏರಲು ಮನಸ್ಸೇ ಮಾಡಲಿಲ್ಲ. ಮೂವತ್ತೇಳು ಇರಬೇಕಾದಲ್ಲಿ ಮೂವತ್ತಮೂರು. ಕೂಸು ಅಳುತ್ತಿರಲಿಲ್ಲ, ಬೆಳಗಿನಿಂದ ಅತ್ತಿರಲಿಲ್ಲ. ಅದನ್ನೇ ಎಲ್ಲರೂ ಸುಖನಿದ್ರೆ ಎಂದುಕೊಂಡಿದ್ದರು.

ನ್ಯಾಗುಥಿ ಬಿಸಿನೀರಿನ ಬಾಟಲಿಗೆ ಕೈಹಾಕಿದಳು. "ಬೇಡ," ಎಂದಳು ನೀಲಗಂಗಾ, "ಹೊರಗಿನಿಂದ ಬಿಸಿ ತಾಗಿದಷ್ಟೂ ಇದು ಇನ್ನಷ್ಟು ಬಿಳಿಚಿಕೊಳ್ಳುತ್ತದೆ, ಇನ್ನಷ್ಟು ಚೆಲ್ಲುತ್ತದೆ." ಹತ್ತಿಯಿಂದ ಬೊಟ್ಟು ಒರೆಸಿದಳು. ಬೊಟ್ಟು ಹರಡಿ ದೊಡ್ಡದಾಯಿತು. ತಣ್ಣೀರು ಬಿಟ್ಟಳು, ಸ್ಪಿರಿಟ್ ಬಿಟ್ಟಳು. ಬೀಜ ಒಳಗೊಳಗೇ ಉರಿಯುತ್ತಾ ಬಿಸಿ ಬಿಸಿ ಎಂದು ಚೀಲಕ್ಕೆಲ್ಲಾ ಡಂಗುರ ಸಾರುತ್ತಿತ್ತು.

"ಮೈಯಿಂದ ಬಿಡಿಸಿ ನನ್ನ ಎದೆಗೆ ಕೊಡಿ," ಎಂದಳು ಶೋಶೊ, ಎದ್ದು ನಿಂತು.

"ಬಿಡಿಸೋದಕ್ಕೆ ಅರ್ಧ ದಿನ ಬೇಕು ಶೋಶೊ. ಅವಳ ಹತ್ತಿರ ಅಷ್ಟು ಹೊತ್ತಿಲ್ಲ."

ನ್ಯಾಗುಥಿ ಮಡಿಲನ್ನೇ ನೋಡುತ್ತಾ ಕೇಳಿದಳು: "ಬೀಜ ಕಿತ್ತು ಹಾಕಿದರೆ?"

"ಚರ್ಮ ಸಾಯುತ್ತದೆ."

"ಸಾಯುವ ಮುಂಚೆ?"

ಉತ್ತರ ನೀಲಗಂಗಾ ಕಣ್ಣಾರೆ ಕಂಡದ್ದು. ಬೀಜ ಕೊಳೆತ ತಟ್ಟೆಗಳಲ್ಲೆಲ್ಲಾ ಅದೇ ಆಗಿತ್ತು: ಹೇಳುವವರಿಲ್ಲದ ಚರ್ಮದಲ್ಲಿ ಮಸಿಯೆಲ್ಲಾ ಒಮ್ಮೆಲೇ ಮೇಲಕ್ಕುಕ್ಕಿ, ಅಮಾವಾಸ್ಯೆಗಿಂತ ಕಪ್ಪಾಗಿ, ಒಂದು ತಾಸು ಹಾಗೇ ಇದ್ದು, ಒಣಗಿ ಹೋಗುತ್ತಿತ್ತು. ಮೂರು ವರ್ಷ. ಒಂದೇ ಮಡಿಲು. ಇನ್ನೊಂದು ಬೀಜ ಇಲ್ಲ. ಈ ಬೆಟ್ಟದ ಸುತ್ತಲಿನ ಎಷ್ಟು ಹಳ್ಳಿಗಳಲ್ಲಿ ಎಷ್ಟು ಕೂಸುಗಳು ಇದರೊಳಗೆ ಮಲಗಬೇಕಿತ್ತು ಎಂದು ಅವಳು ಬೆಳಿಗ್ಗೆ ಬೆಳಿಗ್ಗೆ ಎಣಿಸುತ್ತಿದ್ದಳು. ಬ್ಲೇಡಿನ ತಟ್ಟೆ ಕೈಗೆಟಕುವಲ್ಲೇ ಇತ್ತು. ಕೈ ಏಳಲಿಲ್ಲ.

"ಮುಹಿಂದಿ ಮಗಳೇ," ಎಂದಳು ಶೋಶೊ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯಂಕರ. "ಯಾರಿಗಾಗಿ ಕಾಯುತ್ತಿದ್ದೀಯ?"

ನೀಲಗಂಗಾ ಬ್ಲೇಡು ಎತ್ತಿದಳು. ಬೀಜದ ಸುತ್ತ ಕೊಯ್ದಳು. ಅದು ಮಾಗಿದ ಹಣ್ಣಿನ ತೊಟ್ಟಿನ ಹಾಗೆ ಸುಲಭವಾಗಿ ಕಳಚಿ ಬಂತು. ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

ಮಡಿಲು ನಡುಗಿತು. ಕೊಯ್ದ ಜಾಗದಿಂದ ಕಪ್ಪು ಹೊರಟಿತು, ಒಣಹುಲ್ಲಿಗೆ ಬೆಂಕಿ ಹತ್ತಿದ ಹಾಗೆ ಸುತ್ತಲೂ ಹರಡಿ, ಅಂಚು ಮುಟ್ಟಿತು. ಇದ್ದಿಲೂ ಅದರ ಮುಂದೆ ಸುಣ್ಣ ಎನ್ನಿಸುವಂಥ ಕಪ್ಪು. ಕುಡಿಯಲು ಬಾಯಿ ತೆರೆದ ಕಪ್ಪು. ಆದರೆ ಕುಡಿಯಲು ಬಿಸಿಲೆಲ್ಲಿ? ಗಾಜಿನಾಚೆ ಮಂಜು ಹಾಲಿನ ಗೋಡೆಯ ಹಾಗೆ ನಿಂತಿತ್ತು.

"ಮೇಲೆ," ಎಂದಳು ನ್ಯಾಗುಥಿ. "ಮಂಜು ಬೆಟ್ಟದ ಸೊಂಟದವರೆಗೆ ಮಾತ್ರ. ಮೇಲೆ ಬಿಸಿಲಿರುತ್ತದೆ."

ಆಸ್ಪತ್ರೆಯ ಬೈಕು ಎಂದರೆ ಆಫ್ರಿಕಾ ಖಂಡ ಹುಟ್ಟಿದಾಗ ಜೊತೆಗೇ ಹುಟ್ಟಿದ್ದು. ನ್ಯಾಗುಥಿ ಒದ್ದಳು, ಕೆಮ್ಮಿತು. ಮತ್ತೆ ಒದ್ದಳು, ಬೈದಿತು. ಮೂರನೆಯದಕ್ಕೆ ಎದ್ದಿತು. ನಡುವೆ ಶೋಶೊ, ಹಿಂದೆ ನೀಲಗಂಗಾ. ನ್ಯಾಗುಥಿಯ ಬೆನ್ನಿಗೂ ಶೋಶೊಳ ಎದೆಗೂ ನಡುವೆ ಕಪ್ಪು ಮಡಿಲು. ಏರುದಾರಿಯ ಕಲ್ಲುಗಳ ಮೇಲೆ ಬೈಕು ನೆಗೆದಾಗ ಜಾರದಂತೆ ಹಿಡಿಯಬೇಕಾದ್ದು ಶೋಶೊ. ಅವಳ ಎರಡೂ ಕೈ ಗಾಳಿಯಲ್ಲಿದ್ದವು.

"ಹಿಡೀ ಶೋಶೊ!"

"ಅದನ್ನು ನಾನು ಹುಟ್ಟಿದಾಗಿನಿಂದ ಮುಟ್ಟಿಲ್ಲ!"

"ಅವಳು ಒಳಗಿದ್ದಾಳೆ!"

ಶೋಶೊ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಆ ಚರ್ಮವನ್ನು ಎರಡೂ ತೋಳಿನಿಂದ ಎದೆಗೆ ಅಪ್ಪಿಕೊಂಡಳು. ಬಾಯಲ್ಲಿ ಪ್ರಾರ್ಥನೆಯೋ ಬೈಗುಳವೋ ತಿಳಿಯದ ಒಂದು ದನಿ ನಿಲ್ಲದೆ ಹರಿಯುತ್ತಿತ್ತು. ಹಿಂದಿನಿಂದ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತ ಶಿವಲೀಲವ್ವನ ಕೂಗು ಮಂಜನ್ನು ತೂರಿಕೊಂಡು ಬಂತು: "ಏ ನೀಲವ್ವಾ! ಎಲ್ಲಿಗ ಹೊಂಟ್ರಿ? ಕೂಸಿಗೇನಾತು?"

ದಾರಿ ಕಾಣುತ್ತಿರಲಿಲ್ಲ. ನ್ಯಾಗುಥಿ ನೆನಪಿನ ಮೇಲೆ ಓಡಿಸುತ್ತಿದ್ದಳು. ಒಂದು ತಿರುವಿನಲ್ಲಿ ಹಿಂದಿನ ಗಾಲಿ ಪ್ರಪಾತದ ಮೇಲೆ ಎರಡು ಸುತ್ತು ಸುತ್ತಿ, ಮನಸ್ಸು ಬದಲಿಸಿ, ರಸ್ತೆಗೆ ಮರಳಿತು. ನೀಲಗಂಗಾ ಹಿಂದಿನಿಂದ ಕೈ ಚಾಚಿ ಮಡಿಲ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಲೇ ಇದ್ದಳು. ಅಂಚು ಗಡುಸಾಗುತ್ತಿತ್ತು. ಸಾವು ಅಂಚಿನಿಂದ ಒಳಕ್ಕೆ ನಡೆಯುತ್ತಿತ್ತು, ಅವರಿಗಿಂತ ವೇಗವಾಗಿ.

ಆಮೇಲೆ ಮಂಜು ಹರಿಯಿತು.

ಬಿಸಿಲು ಅವರ ಮೇಲೆ ಮಾಡು ಕುಸಿದ ಹಾಗೆ ಬಿದ್ದಿತು. ಕೆಳಗೆ ಬಿಳಿಯ ಸಮುದ್ರ, ಮೇಲೆ ನೀಲಿ, ನಡುವೆ ಹುಲ್ಲಿನ ದಿಬ್ಬ. ಶೋಶೊ ಬೈಕಿನಿಂದ ಇಳಿಯಲಿಲ್ಲ, ಉರುಳಿದಳು. ತೋಳು ಮಾತ್ರ ಬಿಡಲಿಲ್ಲ. ಹುಲ್ಲಿನ ಮೇಲೆ ಕೂತು ಮಡಿಲನ್ನು ಸೂರ್ಯನಿಗೆ ಒಡ್ಡಿದಳು, ಪಕ್ಕೆ ತಿರುಗಿಸಿ, ಥೇಟ್ ಆ ಪ್ರಾಣಿ ತಿರುಗಿಸುವ ಹಾಗೆ. ಕಪ್ಪು ಚರ್ಮದಿಂದ ತೇವ ಹಬೆಯಾಗಿ ಎದ್ದಿತು.

"ಕುಡಿ," ಎಂದಳು ಶೋಶೊ. ಮತ್ತೆ, ಆ ಪ್ರಾಣಿಯ ಹೆಸರನ್ನೇ ಬಾಯಿ ಬಿಟ್ಟು: "ಕುಡಿ ಕಿನ್ಯೊಂಗಾ, ಕುಡಿ."

ಮಡಿಲು ಕುಡಿಯಿತು. ನ್ಯಾಗುಥಿ ಥರ್ಮಾಮೀಟರ್ ನೋಡಿ ಮತ್ತೆ ಕಂಕುಳಿಗೇ ಇಳಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದಳು. "ಮೂವತ್ತನಾಲ್ಕು ದಾಟಿದೆ." ಅಂಚು ಸುರುಟಿ ಎದ್ದಿತು. ಒಂದು ಬೆರಳಗಲ ಸತ್ತಿತು, ಎರಡು ಬೆರಳಗಲ ಸತ್ತಿತು. ಸತ್ತಲ್ಲೆಲ್ಲಾ ಅಂಟು ಬಿಟ್ಟು ಕೂಸಿನ ಚರ್ಮದಿಂದ ತಾನೇ ತಾನಾಗಿ ಬೇರ್ಪಡುತ್ತಿತ್ತು, ಒಂದು ಚೂರೂ ನೋಯಿಸದೆ. ಕೊನೆಗೆ ಉಳಿದದ್ದು ಎದೆಯ ಮೇಲಿನ ಅಂಗೈಯಗಲ ತುಂಡು. ಅದು ಬಿಸಿಲು ಕುಡಿಯುತ್ತಾ, ಕೂಸಿಗೆ ದಾಟಿಸುತ್ತಾ, ಇನ್ನಷ್ಟು ಹೊತ್ತು ಹಟ ಹಿಡಿದು ನಿಂತಿತು.

ಕೂಸಿನ ಕಾಲು ಒಣಗಿದ ಸಿಪ್ಪೆಯನ್ನು ಒದೆಯಿತು. ಆಮೇಲೆ ಅಳು ಬಂತು. ಆ ಅಳು ಎಂಥದೆಂದರೆ ಕೆಳಗಿನ ಮಂಜೆಲ್ಲಾ ಗಾಬರಿಯಾಗಿ ಚದುರಿ ಕಿರಿಮಾ ಹಳ್ಳಿ ಕಾಣಿಸಿಕೊಂಡಿತು.

ಶೋಶೊ ಕೂಸನ್ನು ಸಿಪ್ಪೆಯಿಂದ ಎತ್ತಿ ರವಿಕೆಯೊಳಗೆ ಎದೆಗೆ ಹಾಕಿಕೊಂಡಳು. ಹುಲ್ಲಿನ ಮೇಲೆ ಮಡಿಲು ರೊಟ್ಟಿಯ ಹಂಚಿನಂತೆ ಕಪ್ಪಗೆ, ಗಡುಸಾಗಿ ಉಳಿಯಿತು. ನೀಲಗಂಗಾ ಅದನ್ನು ಮಡಚಲು ನೋಡಿದಳು. ಅದು ಮುರಿಯಿತು.

*

"ನನ್ನ ಬೊಟ್ಟಿನಿಂದಾತೇನ?" ಎಂದು ಶಿವಲೀಲವ್ವ ಕೇಳಿದರು. ತಟ್ಟೆಯಲ್ಲಿ ಊಟ ಹಾಗೇ ಇತ್ತು.

"ಹೌದ್ರಿ ಅತ್ತೀ."

"ನಾ ಹೇಳಿದಾಗ ಚಲೋ ಮಾಡಿದ್ರಿ ಅಂದಿ."

"ಅಂದೆ. ಕರ್ಪೂರ ಅಂದದ್ದು ಕಿವಿಗೆ ಬಿತ್ತು, ತಲಿಗೆ ಹೋಗ್ಲಿಲ್ರಿ. ಥರ್ಮಾಮೀಟರ್ ಬ್ಯಾಡ ಅಂದಾಕಿನೂ ನಾನ."

ಶಿವಲೀಲವ್ವ ಎದ್ದು ಹೋದರು. ಪೆಟ್ಟಿಗೆ ತೆರೆದ ಸದ್ದು, ಮುಚ್ಚಿದ ಸದ್ದು. ಬಂದು ಕೂತವರು ಕುಲಾವಿ, ಅಂಗಿ, ಉಣ್ಣೆಯ ಕಾಲುಚೀಲ ಎಲ್ಲವನ್ನೂ ಮೇಜಿನ ಮೇಲೆ ಇಟ್ಟರು. "ಇವನ್ನ ಆ ಕೂಸಿಗೆ ಕೊಡು. ನಾಳಿ ನಾನ ಒಯ್ದು ಕೊಡಬೇಕಂದ್ರ ನನಗ ಆಕಿ ಮಾರಿ ನೋಡೂದು ಆಗಂಗಿಲ್ಲ." ಬಹಳ ಹೊತ್ತು ಸುಮ್ಮನಿದ್ದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಗಜೇಂದ್ರಗಡದ ಚರಿತ್ರೆಯಲ್ಲೇ ಮೊದಲು. ಆಮೇಲೆ ತಡೆಯಲಾಗಲಿಲ್ಲ: "ಅಲ್ಲಾ, ಮೂರು ವರ್ಷ ಗಂಜಿ ಹಾಕಿ ಬೆಳಸಿದ್ಯಲ್ಲ, ಒಂದು ಚಿಟಿಕಿ ಕರ್ಪೂರ ತಡಕೊಳ್ಳೂ ತಾಕತ್ತು ಕೊಡಬಾರದಿತ್ತೇನ ಅದಕ್ಕ?"

ನೀಲಗಂಗಾಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಅತ್ತೆ ತಟ್ಟೆಗೆ ಬೆಣ್ಣೆ ಹಾಕಿದರು.

ಪ್ರಯೋಗಶಾಲೆಯ ತಟ್ಟೆಗಳನ್ನು ಅವಳು ತೊಳೆದು ಕವುಚಿ ಇಟ್ಟಳು. ಮಳೆಗಾಲ ಹತ್ತಿರವಿತ್ತು. ಬಸುರಿ ಗೋಸುಂಬೆಗಳು ಈಗ ಪೊದೆಗಳ ಒಳಗೆ ಸೇರಿಕೊಂಡಿದ್ದವು. ಅವನ್ನು ಕಂಡರೂ ಹಿಡಿದುಕೊಡುವವರು ಆ ಬೆಟ್ಟದಲ್ಲಿ ಒಬ್ಬರೂ ಇರಲಿಲ್ಲ.

ವಾರಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬೇಲಿಯ ಆಚೆಯಿಂದ ಕಿರುಚಾಟ ಕೇಳಿತು. ನೀಲಗಂಗಾ ಹೊರಗೆ ಬಂದಳು.

ಶೋಶೊ ಗೇಟಿನ ಬಳಿ ನಿಂತಿದ್ದಳು. ಬೆನ್ನಿಗೆ ಕಟ್ಟಿದ ಬಟ್ಟೆಯಿಂದ ಗಜೇಂದ್ರಗಡದ ಕುಲಾವಿ ತೊಟ್ಟ ತಲೆಯೊಂದು ಇಣುಕುತ್ತಿತ್ತು. ಮುಂದೆ ಚಾಚಿದ ಕೈಗಳಲ್ಲಿ ಒಂದು ಉದ್ದನೆಯ ಕೋಲು. ಕೋಲಿನ ತುದಿಯಲ್ಲಿ ಪೇಟ ಕಟ್ಟಿದ, ಮುಳ್ಳಿನ ಗಡ್ಡದ, ಕುಂಬಳಕಾಯಿಯಂತೆ ಹೊಟ್ಟೆ ಬಂದ ಒಂದು ಗೋಸುಂಬೆ. ಅದು ತುದಿಯಲ್ಲಿ ನಿಲ್ಲಲು ಒಪ್ಪಿರಲಿಲ್ಲ. ಒಂದು ಕಾಲು ಎತ್ತಿ, ಗಾಳಿಯಲ್ಲಿ ತೂಗಿ, ಯೋಚಿಸಿ, ಮುಂದಿಟ್ಟು, ಕೋಲಿನುದ್ದಕ್ಕೂ ಶೋಶೊಳ ಕೈಗಳ ಕಡೆಗೆ ನಡೆದು ಬರುತ್ತಿತ್ತು. ಒಂದು ಕಣ್ಣು ಶೋಶೊಳ ಮೇಲೆ, ಇನ್ನೊಂದು ಕೂಸಿನ ಮೇಲೆ.

"ತೆಗೆದುಕೋ!" ಶೋಶೊಳ ಕೈಗಳು ನಡುಗುತ್ತಿದ್ದವು, ಕೋಲು ನಡುಗುತ್ತಿತ್ತು, ಬೇಲಿ ನಡುಗುತ್ತಿತ್ತು. "ಬೇಗ! ಹೊಲದ ಆ ಕೊನೆಯಿಂದ ತಂದಿದ್ದೇನೆ. ನನ್ನತ್ತಲೇ ಬರುತ್ತಿದೆ, ಬರುತ್ತಲೇ ಇದೆ!"

"ಕೆಳಗೆ ಇಟ್ಟುಬಿಡು ಶೋಶೊ!"

"ಇಟ್ಟರೆ ಓಡಿ ಹೋಗುತ್ತದೆ!"

ಅದು ಓಡುವ ಪ್ರಾಣಿಯಲ್ಲ ಎಂದು ನೀಲಗಂಗಾ ಹೇಳಲಿಲ್ಲ. ಅವಳು ಓಡುತ್ತಿದ್ದಳು. ಗೋಸುಂಬೆ ಮತ್ತೊಂದು ಕಾಲು ಎತ್ತಿತು. ಶೋಶೊ ಕಣ್ಣು ಮುಚ್ಚಿಕೊಂಡಳು. ಕೋಲನ್ನು ಮಾತ್ರ ಬಿಡಲಿಲ್ಲ.